ಕುಂಕುಮದ ದಾರ, ಊದುಬತ್ತಿಯ ಬೂದಿ

ಬೆಂಗಳೂರಿನ ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಆಚೀಚಿನ ಬಡ ಬಡಾವಣೆಗಳಲ್ಲಿ ತಲೆಮಾರುಗಳಿಂದ ಹೆಣ್ಣುಮಕ್ಕಳು ಊದುಬತ್ತಿ ಹೊಸೆಯುತ್ತ ಬಂದಿದ್ದಾರೆ. ಇದ್ದಿಲ ಪುಡಿಗೆ ಮರದ ತೊಗಟೆಯ ಜಿಗಟು ಪುಡಿ ಸೇರಿಸಿ ಕಲಸಿದ ಕರಿ ಹಿಟ್ಟು, ಪಕ್ಕದಲ್ಲಿ ಬಿದಿರು ಕಡ್ಡಿಯ ಕಟ್ಟು, ಎದುರಿಗೊಂದು ಮಣೆ. ಕೂಲಿ ಸಾವಿರ ಕಡ್ಡಿಯ ಲೆಕ್ಕದಲ್ಲಿ. ಅಡುಗೆ, ಮಕ್ಕಳು, ನೀರು ಹಿಡಿಯುವ ಕೆಲಸದ ನಡುವೆ ಸಿಕ್ಕ ಹೊತ್ತಿನಲ್ಲೆಲ್ಲ ಅಂಗೈ ಮಣೆಯ ಮೇಲೆ ಓಡುತ್ತಿರಬೇಕು. ಪರಿಮಳ ಸೇರುವುದು ಆಮೇಲೆ, ಕಡ್ಡಿ ಮನೆ ಬಿಟ್ಟು ಕಾರ್ಖಾನೆ ಸೇರಿದ ಮೇಲೆ. ಹೊಸೆದವಳ ಪಾಲಿಗೆ ಬರುವುದು ಇದ್ದಿಲ ಧೂಳು ಮತ್ತು ಸೊಂಟನೋವು. ದೇವರ ಮುಂದೆ ಕಡ್ಡಿ ಹಚ್ಚುವಾಗ ಇದು ಯಾರಿಗೂ ನೆನಪಾಗುವುದಿಲ್ಲ.

2007ರಲ್ಲಿ ಇದೇ ಕರಿ ಹಿಟ್ಟು ಜರ್ಮನಿಯ ಕಾಸೆಲ್ ನಗರದಲ್ಲಿ ಕಾಣಿಸಿಕೊಂಡಿತು. ಐದು ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ಡಾಕ್ಯುಮೆಂಟಾ ಜಗತ್ತಿನ ದೊಡ್ಡ ಕಲಾ ಪ್ರದರ್ಶನಗಳಲ್ಲೊಂದು. ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಊದುಬತ್ತಿಯ ಹಿಟ್ಟನ್ನು ಹೊಸೆದು, ನಾನಾ ಆಕಾರ ಕೊಟ್ಟು, ಮರದ ಚೌಕಟ್ಟಿಗೆ ಬಿಗಿದ ಉಕ್ಕಿನ ಜಾಲರಿಯ ಮೇಲಿಟ್ಟು ಸುಟ್ಟಿದ್ದರು. ಉರಿದು ಮುಗಿದ ಮೇಲೂ ಬೂದಿ ಅದೇ ಆಕಾರದಲ್ಲಿ ಉಳಿದಿತ್ತು. ಜೋರಾಗಿ ಉಸಿರು ಬಿಟ್ಟರೆ ಚೆದುರಿಹೋಗುವಷ್ಟು ನಾಜೂಕು. ಆ ಕೃತಿಯ ಹೆಸರು ‘ಕೊಲ್ಯಾಟರಲ್’.

ಹೆಣ್ಣಿನ ಅನುಭವ, ಪ್ರಕೃತಿ, ಅಧ್ಯಾತ್ಮ ಎಂಬ ಮೂರು ಮಾತು ಒಟ್ಟಿಗೆ ಕೇಳಿಸಿದರೆ ಅನೇಕರ ಕಣ್ಣಮುಂದೆ ಬರುವುದು ಕೇದಗೆ ಮುಡಿದ ಚೆಲುವೆ, ಅವಳ ಹಿಂದೊಂದು ಹುಣ್ಣಿಮೆ ಚಂದ್ರ, ಕಾಲ ಬಳಿ ತಾವರೆ ಕೊಳ. ಕನ್ನಡ ನಾಡಿನ ಸ್ತ್ರೀವಾದಿ ಕಲೆ ಈ ಅಲಂಕಾರದಿಂದ ಬಹಳ ದೂರ ಬಂದಿದೆ. ಪೂಜೆಯ ಸಾಮಾನನ್ನು ಕೈಗೆತ್ತಿಕೊಂಡು, ಅದರೊಳಗೆ ಅಡಗಿರುವ ಹೆಣ್ಣಿನ ದುಡಿಮೆಯನ್ನೂ ನೋವನ್ನೂ ಅದು ಹೊರಗೆಳೆದು ತೋರಿಸುತ್ತಿದೆ. ಆ ದುಡಿಮೆ ನಡೆಯುವ ಜಾಗಗಳಲ್ಲಿ ಮುಖ್ಯವಾದುದು ಪಶ್ಚಿಮ ಬೆಂಗಳೂರು. ಅಲ್ಲಿನ ಹೆಣ್ಣುಮಕ್ಕಳಿಗೆ ಈ ಕಲೆ ನೋಡಲು ಸಿಗಬೇಕು, ಮಾಡಲೂ ಜಾಗ ಸಿಗಬೇಕು. ಈ ಲೇಖನದ ವಾದ ಇಷ್ಟೇ.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಆರ್.ಎಂ. ಹಡಪದ್ ಅವರು ಕಟ್ಟಿ ಬೆಳೆಸಿದ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತು, ಶಾಂತಿನಿಕೇತನಕ್ಕೆ ಹೋಗಿ, ಅಲ್ಲಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿ, 1986ರಲ್ಲಿ ಓದು ಮುಗಿಸಿದವರು. ಕ್ಯಾನ್ವಾಸು, ಎಣ್ಣೆಬಣ್ಣ ಅವರಿಗೆ ಒಗ್ಗಿದ ದಾರಿಯೇ ಆಗಿತ್ತು. ಬಾಬರಿ ಮಸೀದಿ ಧ್ವಂಸ ಮತ್ತು ಅದರ ಬೆನ್ನಿಗೇ ಮುಂಬೈಯಲ್ಲಿ ಹರಿದ ನೆತ್ತರು ಅವರನ್ನು ಬೇರೆ ಕಡೆ ತಿರುಗಿಸಿದವು. ಅವರು ಸಗಣಿ ಹಿಡಿದರು. ಅಂಗಳ ಸಾರಿಸುವ, ಬೆರಣಿ ತಟ್ಟುವ ಸಗಣಿ. ಪೂಜೆಗೂ ಬೇಕು, ಒಲೆಗೂ ಬೇಕು. ಹಸುವಿನ ಹೆಸರಿನಲ್ಲಿ ರಾಜಕೀಯ ಕಾವೇರುತ್ತಿದ್ದ ಕಾಲದಲ್ಲಿ, ಆ ವಸ್ತುವನ್ನು ದಿನವೂ ಬರಿಗೈಯಲ್ಲಿ ಮುಟ್ಟುವವರು ಯಾರು ಎಂಬ ಕಡೆಗೆ ಅವರ ಕಲೆ ಬೆರಳು ತೋರಿಸಿತು.

ಅನಂತರ ಬಂದದ್ದು ದಾರ. 1998ರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಗೆ ಬೇಕಾದದ್ದು ಹೊಲಿಗೆಯ ನೂಲು, ಸೂಜಿ, ಅಂಟು, ಕುಂಕುಮ. ಒಂದೊಂದು ಸೂಜಿಗೂ ಬಹು ಉದ್ದದ ನೂಲು ಪೋಣಿಸಿ, ಅಂಥ ಎಷ್ಟೋ ಎಳೆಗಳನ್ನು ಒಟ್ಟುಗೂಡಿಸಿ, ಅಂಟು ಕುಂಕುಮ ಬಳಿದು ಹಗ್ಗವಾಗಿಸಿದರು. ಕೆಂಪು ಹಗ್ಗ ಗೋಡೆಯಿಂದ ಇಳಿದು ನೆಲದ ಮೇಲೆ ಸುತ್ತಿಕೊಂಡು ಮತ್ತೆ ಮೇಲೇರುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ನೋಡುವವರಿಗೆ ಅದು ಕರುಳುಬಳ್ಳಿ ಅನ್ನಿಸಬಹುದು, ಹರಿದ ನೆತ್ತರು ಅನ್ನಿಸಬಹುದು. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ದುಡಿದ ಹೆಂಗಸು ಅದರ ಮುಂದೆ ನಿಂತರೆ ಮೊದಲು ಕಾಣುವುದು ಸೂಜಿಗೆ ದಾರ ಪೋಣಿಸಿದ ಕೆಲಸದ ಪ್ರಮಾಣ. ಎಷ್ಟು ಹೊತ್ತು ಹಿಡಿದಿರಬಹುದು, ಕಣ್ಣು ಎಷ್ಟು ಸೋತಿರಬಹುದು ಎಂಬ ಲೆಕ್ಕ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೃತಿಯ ಹೃದಯಕ್ಕೆ ಅವಳು ವಿಮರ್ಶಕರಿಗಿಂತ ಬೇಗ ತಲುಪುತ್ತಾಳೆ.

2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶನಗೊಂಡ ‘ಬಿಹೋಲ್ಡ್’ ಕೃತಿಯದು ಇನ್ನೊಂದು ಕತೆ. ಬೆಂಗಳೂರಿನಲ್ಲಿ ಲಾರಿ, ಟೆಂಪೊ, ಕಾರುಗಳ ಬಂಪರಿಗೆ ದೃಷ್ಟಿ ತಾಕದಿರಲೆಂದು ಕಪ್ಪು ಹಗ್ಗ ಕಟ್ಟುತ್ತಾರಲ್ಲ, ಅದನ್ನು ಹೆಣೆಯುವುದು ಮನುಷ್ಯರ ಕೂದಲಿನಿಂದ. ಹರಕೆ ಹೊತ್ತವರು ದೇವಸ್ಥಾನದಲ್ಲಿ ಮುಡಿ ಕೊಡುತ್ತಾರೆ. ಉದ್ದ ಕೂದಲು ವಿಗ್ ಮಾಡಲು ವಿದೇಶಕ್ಕೆ ಹೋಗುತ್ತದೆ, ಉಳಿದ ಗಿಡ್ಡ ಕೂದಲು ಹಗ್ಗವಾಗುತ್ತದೆ. ಅಂಥ ಸುಮಾರು ನಾಲ್ಕು ಕಿಲೋಮೀಟರ್ ಹಗ್ಗದಲ್ಲಿ ಇಪ್ಪತ್ತರಷ್ಟು ಉಕ್ಕಿನ ಬಂಪರುಗಳನ್ನು ಶೀಲಾ ಗೌಡ ತೂಗುಹಾಕಿದರು. ಲಂಡನ್ನಿನ ಟೇಟ್ ಸಂಗ್ರಹಾಲಯ ಆ ಕೃತಿಯನ್ನು ತನ್ನದಾಗಿಸಿಕೊಂಡಿತು. ಭಕ್ತಿ, ಭಯ, ವ್ಯಾಪಾರ, ಹೆಸರಿಲ್ಲದ ಸಾವಿರಾರು ಜನರ ಮೈಯ ಒಂದು ತುಣುಕು, ಎಲ್ಲವೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡಿವೆ. ನಾಯಂಡಹಳ್ಳಿಯ ಕೂಡುರಸ್ತೆಯಲ್ಲಿ ದಿನವೂ ಕಣ್ಣಿಗೆ ಬೀಳುವ ವಸ್ತುವೊಂದು ಇಷ್ಟೆಲ್ಲವನ್ನು ಹೊತ್ತಿದೆ ಎಂದು ತೋರಿಸಿದ್ದೇ ಈ ಕೃತಿಯ ಸಾಧನೆ.

ಪೂಜೆಯ ಸಾಮಾನನ್ನು ಹೀಗೆ ಕಲೆಯಾಗಿಸುವುದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದೂ ಮಹಿಳಾ ಚಳವಳಿಯ ಒಳಗಿನಿಂದಲೇ ಬಂದದ್ದು. ಕುಂಕುಮ, ಅರಿಸಿನ, ಹೂವು, ಬಳೆಗಳು ಹೆಣ್ಣನ್ನು ಮುತ್ತೈದೆ, ವಿಧವೆ ಎಂದು ಸೀಳಿಟ್ಟ ವಸ್ತುಗಳು. ಅವನ್ನೇ ಕಲೆಯ ಗೋಡೆಗೆ ಏರಿಸಿದರೆ ಹಳೆಯ ಕಟ್ಟಳೆಗೆ ಹೊಸ ಹೊಳಪು ಕೊಟ್ಟಂತಾಗುವುದಿಲ್ಲವೇ? ಶ್ರಾವಣದಲ್ಲಿ ವಿಜಯನಗರ, ರಾಜಾಜಿನಗರದ ಮನೆಮನೆಯಲ್ಲಿ ವರಮಹಾಲಕ್ಷ್ಮಿಯ ಕಲಶಕ್ಕೆ ಸೀರೆ ಉಡಿಸುವ ಸಂಭ್ರಮವಿದೆ. ನೆರಿಗೆ ಹಿಡಿದು, ಮುಖವಾಡ ಕೂರಿಸಿ, ಒಡವೆ ತೊಡಿಸುವ ಆ ಕೈಚಳಕ ದೊಡ್ಡ ಕಲೆಯೇ. ಆದರೆ ಅದೇ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಅತ್ತೆಯೋ ಅತ್ತಿಗೆಯೋ ಅರಿಸಿನ ಕುಂಕುಮದ ಹೊತ್ತಿಗೆ ಒಳಕೋಣೆಯಲ್ಲಿ ಉಳಿಯುವುದು ಇನ್ನೂ ನಿಂತಿಲ್ಲ.

ಆಕ್ಷೇಪ ನಿಜ. ಹಾಗೆಂದು ಆ ವಸ್ತುಗಳನ್ನು ಬಿಟ್ಟುಕೊಟ್ಟು ದೂರ ನಿಂತರೆ ಅವು ಕಟ್ಟಳೆಯ ಕೈಯಲ್ಲೇ ಉಳಿಯುತ್ತವೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ 2013ರಲ್ಲಿ ವಿಧವೆಯರನ್ನು ಅರ್ಚಕರಾಗಿ ನೇಮಿಸಿದಾಗ ಕುಂಕುಮದ ಬಟ್ಟಲು ಅವರ ಕೈಗೆ ಮರಳಿತು. ಗುಡಿಯಲ್ಲಿ ನಡೆದ ಆ ಕೆಲಸವನ್ನು ಕಲೆಯಲ್ಲಿ ಮಾಡಿದ್ದು ಶೀಲಾ ಗೌಡರ ಕೆಂಪು ದಾರ. ಅದರ ಕುಂಕುಮಕ್ಕೆ ಯಾರ ಹಣೆಯ ಅಪ್ಪಣೆಯೂ ಬೇಕಾಗಲಿಲ್ಲ.

ಕಲಾವಿದೆ ಪುಷ್ಪಮಾಲಾ ಎನ್. ಹಿಡಿದ ದಾರಿ ಬೇರೆ. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಮೊದಲು ಶಿಲ್ಪಿ. ತೊಂಬತ್ತರ ದಶಕದಲ್ಲಿ ಅವರು ತಾವೇ ವೇಷ ಹಾಕಿ ಕ್ಯಾಮೆರಾದ ಮುಂದೆ ನಿಂತರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗುತ್ತಾರೆ, ವೇಲಾಂಕಣಿ ಮಾತೆಯಾಗುತ್ತಾರೆ, ಪೊಲೀಸರ ಕೈಗೆ ಸಿಕ್ಕ ಕಳ್ಳಿಯಾಗುತ್ತಾರೆ. ಹಾಗೆಯೇ ಬಿಜಾಪುರದ ಯೋಗಿನಿಯೂ ಆಗುತ್ತಾರೆ. ಮೂಲ ಚಿತ್ರ ಆದಿಲ್‌ಶಾಹಿ ಕಾಲದ್ದು: ಭಸ್ಮ ಬಳಿದ, ಜಟೆ ಕಟ್ಟಿದ, ಒಡವೆ ತೊಟ್ಟ ಸಂನ್ಯಾಸಿನಿ, ಅವಳ ಜೊತೆ ಮಾತಿಗಿಳಿದಂತಿರುವ ಮೈನಾ ಹಕ್ಕಿ, ಸುತ್ತ ಅವಳೆತ್ತರಕ್ಕೆ ಬೆಳೆದ ಹೂಗಳು. ಅದು ಈಗಿರುವುದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ.

ಲಕ್ಷ್ಮಿಯ ಕ್ಯಾಲೆಂಡರು ಗೋಡೆಯ ಮೇಲೆ ನೇತಾಡುತ್ತಿರುವವರೆಗೆ ಆ ರೂಪ ಎಂದೆಂದಿಗೂ ಹೀಗೇ ಇತ್ತು ಅನ್ನಿಸುತ್ತದೆ. ಅದೇ ಭಂಗಿಯಲ್ಲಿ, ಅದೇ ಸೀರೆಯಲ್ಲಿ, ಬಣ್ಣ ಬಳಿದ ಪರದೆಯ ಮುಂದೆ ಜೀವಂತ ಹೆಂಗಸೊಬ್ಬಳು ನಿಂತಾಗ ಬೇರೆ ಅರಿವು ಹುಟ್ಟುತ್ತದೆ. ಈ ದೇವಿಯ ರೂಪವನ್ನು ಒಬ್ಬ ಗಂಡಸು ಒಂದು ಕಾಲದಲ್ಲಿ ಕಲ್ಪಿಸಿದ, ಅಚ್ಚುಕೂಟಗಳು ಮನೆಮನೆಗೆ ಮುಟ್ಟಿಸಿದವು, ಹೆಣ್ಣುಮಕ್ಕಳು ಅದಕ್ಕೆ ಸರಿಯಾಗಿ ತಮ್ಮನ್ನು ಅಳೆದುಕೊಂಡರು. ಪುಷ್ಪಮಾಲಾ ದೇವಿಯನ್ನು ಹಂಗಿಸುವುದಿಲ್ಲ. ದೇವಿಯ ವೇಷದೊಳಗೆ ನಿಲ್ಲುವುದು ಎಷ್ಟು ಕಷ್ಟದ ಕೆಲಸ ಎಂದು ತೋರಿಸುತ್ತಾರೆ. 2018ರಲ್ಲಿ ಅವರು ಮಾಡಿದ ‘ಗೌರಿ ಲಂಕೇಶ್ಸ್ ಅರ್ಜೆಂಟ್ ಸಾರು’ ಎಂಬ ಕೃತಿಯ ಕೇಂದ್ರದಲ್ಲಿರುವುದು ಒಂದು ಸಾರು. 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿನಗರದ ತಮ್ಮ ಮನೆಯ ಮುಂದೆ ಗುಂಡಿಗೆ ಬಲಿಯಾದ ಪತ್ರಕರ್ತೆ ಗೌರಿ ಲಂಕೇಶರನ್ನು ಅವರ ಅಡುಗೆಯ ಮೂಲಕ ನೆನೆದ ಕೃತಿ ಅದು. ಕೆಂಗೇರಿಯ ನೆರೆಯಲ್ಲೇ ನಡೆದ ಸಾವಿನ ದುಃಖಕ್ಕೆ ಅದು ಒಲೆಯ ಮುಂದಿನ ಭಾಷೆ ಹುಡುಕಿತು.

ಇದನ್ನೆಲ್ಲ ಪಶ್ಚಿಮ ದೇಶಗಳಿಂದ ತಂದ ಹೊಸ ಫ್ಯಾಷನ್ ಎನ್ನುವವರು ಬಸವೇಶ್ವರನಗರದ ಹೆಸರಿನ ಹಿಂದಿರುವ ಹನ್ನೆರಡನೆಯ ಶತಮಾನವನ್ನು ನೆನೆಯಬೇಕು. ಉಡುತಡಿಯ ಅಕ್ಕಮಹಾದೇವಿ ಮದುವೆಯ ಬಂಧ ಕಳಚಿ, ಉಟ್ಟದ್ದನ್ನೂ ತೊರೆದು, ಕೂದಲನ್ನೇ ಮೈಗೆ ಹೊದ್ದು ಕಲ್ಯಾಣಕ್ಕೆ ನಡೆದವಳು. ಅನುಭವ ಮಂಟಪದಲ್ಲಿ ಅಲ್ಲಮ ಕೇಳಿದ ಕಠಿಣ ಪ್ರಶ್ನೆಗಳಿಗೆ ಎದೆ ಕೊಟ್ಟು, ಕೊನೆಗೆ ಶ್ರೀಶೈಲದ ಕದಳಿಯ ಕಾಡು ಸೇರಿದವಳು. ಅವಳ ವಚನಗಳಲ್ಲಿ ಹಕ್ಕಿ, ದುಂಬಿ, ಮರಗಳು ಅವಳ ಮಾತು ಕೇಳುವ ಜೊತೆಗಾರರು. ಹೆಣ್ಣಿನ ಮೈ, ಕಾಡು, ದೈವ ಮೂರನ್ನೂ ಒಂದೇ ಉಸಿರಿನಲ್ಲಿ ನುಡಿದ ಕಲೆ ಕನ್ನಡದಲ್ಲಿ ಎಂಟು ಶತಮಾನಕ್ಕೂ ಹಳೆಯದು. ಬಿಜಾಪುರದ ಯೋಗಿನಿಯನ್ನು ನೋಡಿದವರಿಗೆ ಅಕ್ಕ ನೆನಪಾಗದೆ ಇರುವುದಿಲ್ಲ.

ಪ್ರಕೃತಿಯ ಮಾತಿಗೆ ಬಂದರೆ ಮಲೆನಾಡಿನ ದೀವರು ಸಮುದಾಯದ ಹೆಂಗಸರಿಗಿಂತ ದೊಡ್ಡ ಗುರುಗಳಿಲ್ಲ. ಸಾಗರ, ಸೊರಬದ ಕಡೆ ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಅವರು ಬರೆಯುವ ಹಸೆಗೋಡೆ ಚಿತ್ತಾರದ ಒಂದೊಂದು ಗೆರೆಯೂ ಲೆಕ್ಕಾಚಾರದ್ದು. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಆಶ್ವಯುಜದ ಭೂಮಿ ಹುಣ್ಣಿಮೆ ಹತ್ತಿರ ಬಂದಾಗ ಇದೇ ಚಿತ್ತಾರ ಬುಟ್ಟಿಗೆ ಇಳಿಯುತ್ತದೆ. ಭತ್ತ ಹೊಡೆ ತುಂಬಿರುವ ಕಾಲ. ಭೂಮಿ ಬಸುರಿ ಎಂಬುದು ಅವರ ನಂಬಿಕೆ. ಬಸುರಿಗೆ ಬಯಕೆಯೂಟ ಬಡಿಸುವ ಹಾಗೆ ಹೊಲಕ್ಕೆ ಬಗೆಬಗೆಯ ಅಡುಗೆಯನ್ನು ಹೊತ್ತೊಯ್ಯುವುದು ಈ ಭೂಮಣ್ಣಿ ಬುಟ್ಟಿಯಲ್ಲಿ.

ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಅನಾ ಮೆಂಡಿಯೆಟಾ 1973ರಿಂದ ಹಲವು ವರ್ಷ ತನ್ನ ಮೈಯ ಆಕಾರವನ್ನು ಮಣ್ಣು, ಹೂವು, ಬೆಂಕಿ, ಹುಲ್ಲಿನಲ್ಲಿ ಮೂಡಿಸಿ ‘ಸಿಲುಯೆಟಾ’ ಸರಣಿ ಮಾಡಿದಳು. ಸ್ತ್ರೀವಾದಿ ಕಲೆಯ ಚರಿತ್ರೆಯಲ್ಲಿ ಅದಕ್ಕೆ ಎತ್ತರದ ಜಾಗವಿದೆ, ಇರಬೇಕಾದ್ದೇ. ಭೂಮಣ್ಣಿ ಬುಟ್ಟಿ ಬರೆದವಳಿಗೂ ಅದೇ ಸಾಲಿನಲ್ಲಿ ಜಾಗ ಬೇಕು. ಅವಳ ಕೆಲಸವನ್ನು ಕರಕುಶಲ ಮೇಳದ ಮಳಿಗೆಗೆ ಕಳಿಸಿ, ಹೆಸರು ಕೇಳದೆ, ಜಿಲ್ಲೆಯ ಹೆಸರಷ್ಟೇ ಬರೆಯುವ ಪದ್ಧತಿ ಕೊನೆಯಾಗಬೇಕು.

ಹೆಣ್ಣನ್ನು ಭೂಮಿಗೆ ಹೋಲಿಸುವುದರಲ್ಲಿ ಅಪಾಯವೂ ಇದೆ. ಭೂಮಿತಾಯಿ ಎಂದು ಹೊಗಳಿ, ಎಷ್ಟು ತುಳಿದರೂ ಸಹಿಸಲಿ ಎನ್ನುವುದು ಇಬ್ಬರ ಪಾಲಿಗೂ ಅನ್ಯಾಯ. ಕಲ್ಲನಕೇರಿಯ ಮಲ್ಲನಗೌಡ ತೋಡಿಸಿದ ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಟ್ಟ ಕತೆಯನ್ನು ‘ಕೆರೆಗೆ ಹಾರ’ದ ಮೂಲಕ ಕನ್ನಡಿಗರೆಲ್ಲ ಬಲ್ಲರು. ಈ ಅನ್ಯಾಯ ಹಳೆಯ ಕತೆಯಷ್ಟೇ ಅಲ್ಲ. ಮಾಗಡಿ ರಸ್ತೆಯಲ್ಲಿ ಪಶ್ಚಿಮಕ್ಕೆ ಸಾಗಿದರೆ ಸಿಗುವ ಮಾಗಡಿ ತಾಲ್ಲೂಕಿನ ಹುಲಿಕಲ್ ಗ್ರಾಮದ ಸಾಲುಮರದ ತಿಮ್ಮಕ್ಕ ಕೂಲಿ ಮಾಡುತ್ತಲೇ ಗಂಡ ಚಿಕ್ಕಯ್ಯನ ಜೊತೆ ಕುದೂರಿನವರೆಗೆ ನಾಲ್ಕು ಕಿಲೋಮೀಟರ್ ಉದ್ದಕ್ಕೂ ಆಲದ ಸಸಿ ನೆಟ್ಟು, ನೀರು ಹೊತ್ತು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವ ಯೋಜನೆಯಿಂದ ಆ ಮರಗಳಿಗೇ ಕುತ್ತು ಬಂದು, ಅವನ್ನು ಉಳಿಸಿ ಎಂದು ಆ ಹಿರಿಯ ಜೀವ ಸರ್ಕಾರವನ್ನು ಕೇಳಬೇಕಾಯಿತು.

ಇನ್ನು ವೃಷಭಾವತಿ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂದು ಜನ ನಂಬಿದ ಹೊಳೆ. ಗಾಳಿ ಆಂಜನೇಯನ ಗುಡಿಯ ಬದಿಯಲ್ಲಿ, ಮೈಸೂರು ರಸ್ತೆಯ ಜೊತೆಜೊತೆಗೇ ಕೆಂಗೇರಿ ದಾಟಿ ಹರಿಯುವ ಅವಳು ಇಂದು ಹೊತ್ತಿರುವುದು ನಗರದ ಕೊಚ್ಚೆ ಮತ್ತು ಕಾರ್ಖಾನೆಗಳ ಕೊಳೆ. ದೇವತೆಯೆಂದು ಪೂಜಿಸುವುದು ಅವಳನ್ನು ಚರಂಡಿಯಾಗಿ ಬಳಸುವುದಕ್ಕೆ ಅಡ್ಡಿಯಾಗಿಲ್ಲ. ಹೆಣ್ಣಿಗೂ ಹೊಳೆಗೂ ಒಟ್ಟಿಗೇ ಆದ ಈ ಅನುಭವವನ್ನು ನುಡಿಯುವ ಕಲೆ ಪಶ್ಚಿಮ ಬೆಂಗಳೂರಿನಿಂದಲೇ ಬರಬೇಕಾಗಿದೆ.

ಅಧ್ಯಾತ್ಮದ ಹೆಸರು ಹೇಳಿದ್ದಕ್ಕೆ ಕಲಾಚರಿತ್ರೆ ಹೆಣ್ಣನ್ನು ಹೊರಗಿಟ್ಟದ್ದೂ ಉಂಟು. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಲ್ಲೇ ಗುಡಿಗೆಂದು ಅಮೂರ್ತ ಚಿತ್ರಗಳನ್ನು ಬರೆಯತೊಡಗಿದಳು. 1915ರ ಹೊತ್ತಿಗೆ 193 ಚಿತ್ರಗಳಾಗಿದ್ದವು. ಅಮೂರ್ತ ಕಲೆಯ ಜನಕರೆಂದು ಪಠ್ಯಗಳು ಹೆಸರಿಸಿದ್ದು ಮಾತ್ರ ಕ್ಯಾಂಡಿನ್‌ಸ್ಕಿಯಂಥ ಗಂಡಸರನ್ನು. ಅವರಿಗೂ ಅಧ್ಯಾತ್ಮದ ಗೀಳಿತ್ತು. ಅವರ ವಿಷಯದಲ್ಲಿ ಅದನ್ನು ಚಿಂತನೆ ಎಂದರು, ಅವಳ ವಿಷಯದಲ್ಲಿ ಭ್ರಮೆ ಎಂದರು. 2018ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯ ಅವಳ ಚಿತ್ರಗಳನ್ನು ತೋರಿಸಿದಾಗ ಆರು ಲಕ್ಷಕ್ಕೂ ಹೆಚ್ಚು ಜನ ಬಂದು, ಆ ಸಂಗ್ರಹಾಲಯದ ಚರಿತ್ರೆಯಲ್ಲೇ ಅದು ದಾಖಲೆಯಾಯಿತು. ಸತ್ತು ಎಪ್ಪತ್ತು ವರ್ಷ ದಾಟಿದ ಮೇಲೆ ಸಿಕ್ಕ ನ್ಯಾಯ ಅದು.

ಬೆಂಗಳೂರಿನಲ್ಲಿ ಹೆಣ್ಣುಮಕ್ಕಳು ಕಲೆಗಾಗಿ ಜಾಗ ಮಾಡಿಕೊಂಡದ್ದಕ್ಕೆ ಉದಾಹರಣೆಗಳಿವೆ. ಜಸ್ಮೀನ್ ಪಥೇಜಾ 2003ರಲ್ಲಿ ಶುರುಮಾಡಿದ ಬ್ಲ್ಯಾಂಕ್ ನಾಯ್ಸ್ ಬೀದಿಯ ಕಿರುಕುಳಕ್ಕೆ ಕಲೆಯ ಮೂಲಕ ಎದುರು ನಿಂತಿತು. ಅದರ ‘ಮೀಟ್ ಟು ಸ್ಲೀಪ್’ ಕರೆಗೆ ಓಗೊಟ್ಟು ಹೆಂಗಸರು ಉದ್ಯಾನಕ್ಕೆ ಬಂದು ಮರದ ನೆರಳಿನಲ್ಲಿ ಹುಲ್ಲಿನ ಮೇಲೆ ನಿದ್ದೆ ಮಾಡುತ್ತಾರೆ. ಗಂಡಸರಿಗೆ ಸಲೀಸಾದ ಈ ಸುಖ ಹೆಂಗಸರಿಗೆ ಎಷ್ಟು ಅಪರೂಪವೆಂದು ತಿಳಿಯಲು ಬೇರೆ ವ್ಯಾಖ್ಯಾನ ಬೇಡ. 2016ರಲ್ಲಿ ಪೂರ್ಣಿಮಾ ಸುಕುಮಾರ್ ಆರಂಭಿಸಿದ ಅರವಾಣಿ ಆರ್ಟ್ ಪ್ರಾಜೆಕ್ಟ್ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರ ಕೈಗೆ ಕುಂಚ ಕೊಟ್ಟು ನಗರದ ಗೋಡೆಗಳನ್ನು ಅವರದಾಗಿಸಿತು. ಕುಮಾರಕೃಪಾ ರಸ್ತೆಯಲ್ಲಿ 2025ರ ಜನವರಿ 5ರಂದು ನಡೆದ ಚಿತ್ರಸಂತೆಯನ್ನು ಚಿತ್ರಕಲಾ ಪರಿಷತ್ತು ಹೆಣ್ಣುಮಗುವಿಗೆ ಅರ್ಪಿಸಿತು.

ಆದರೂ ಕಲೆ ನೋಡಬೇಕೆಂದರೆ ಊರಿನ ನಡುಭಾಗಕ್ಕೇ ಹೋಗಬೇಕು: ಚಿತ್ರಕಲಾ ಪರಿಷತ್ತು, ವೆಂಕಟಪ್ಪ ಆರ್ಟ್ ಗ್ಯಾಲರಿ, ಅರಮನೆ ರಸ್ತೆಯ ಆಧುನಿಕ ಕಲೆಯ ರಾಷ್ಟ್ರೀಯ ಸಂಗ್ರಹಾಲಯ. ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂತು, ಮನೆಗೆ ಬಂದು ಅಡುಗೆಗೆ ನಿಲ್ಲುವವಳಿಗೆ ಆ ದಾರಿ ಬಲು ದೂರ.

2025ರ ಸೆಪ್ಟೆಂಬರಿನಿಂದ ಪಶ್ಚಿಮ ಬೆಂಗಳೂರಿಗೆ ತನ್ನದೇ ನಗರ ಪಾಲಿಕೆ ಇದೆ. ರಸ್ತೆ, ಕಸದ ಜೊತೆಗೆ ಹೆಣ್ಣುಮಕ್ಕಳ ಕಲೆಗೊಂದು ಜಾಗ ಮಾಡುವುದೂ ಅದರ ಕೆಲಸದ ಪಟ್ಟಿಗೆ ಸೇರಬೇಕು. ಹೊಸ ಕಟ್ಟಡವೇ ಆಗಬೇಕೆಂದಿಲ್ಲ. ಜ್ಞಾನಭಾರತಿಯ ಬೆನ್ನಿಗೆ ಮಲ್ಲತ್ತಹಳ್ಳಿಯಲ್ಲಿ ಸರ್ಕಾರದ ಕಲಾಗ್ರಾಮವಿದೆ, ಸಾಹಿತಿಗಳಾದ ಜಿ.ಎಸ್. ಶಿವರುದ್ರಪ್ಪ, ಯು.ಆರ್. ಅನಂತಮೂರ್ತಿ ಅವರ ಅಂತ್ಯಕ್ರಿಯೆ ನಡೆದ ಆ ಆವರಣಕ್ಕೆ ಸಾಂಸ್ಕೃತಿಕ ತೂಕವೂ ಇದೆ. ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣದ ಬಳಿ ರಂಗೋಲಿ ಕಲಾಕೇಂದ್ರ ತೆರೆದದ್ದು 2013ರಲ್ಲಿ. ಮೆಟ್ರೊದ ನೇರಳೆ ಮಾರ್ಗ ಕೆಂಗೇರಿ ಮುಟ್ಟಿದ್ದು 2021ರಲ್ಲಿ. ರಂಗೋಲಿಯಂಥ ಕಲಾಕೇಂದ್ರವೊಂದನ್ನು ವಿಜಯನಗರ ನಿಲ್ದಾಣದಲ್ಲೋ ಕೆಂಗೇರಿಯಲ್ಲೋ ತೆರೆಯಲು ಮನಸ್ಸು ಬೇಕು.

ಅಲ್ಲಿ ಏನಿರಬೇಕು? ಶೀಲಾ ಗೌಡ, ಪುಷ್ಪಮಾಲಾರಂಥವರ ಕೃತಿಗಳು ವರ್ಷಕ್ಕೊಮ್ಮೆಯಾದರೂ ಬರಬೇಕು, ಪಕ್ಕದಲ್ಲಿ ಸರಳ ಕನ್ನಡದ ವಿವರಣೆ ಇರಬೇಕು. ದೀವರ ಚಿತ್ತಾರ, ಧಾರವಾಡದ ಕಸೂತಿ, ಸಂಡೂರಿನ ಲಂಬಾಣಿ ಕಸೂತಿ ಮಾಡುವ ಹೆಂಗಸರು ಬಂದು ಕಲಿಸಬೇಕು, ಅವರಿಗೆ ಕಲಾವಿದರ ಗೌರವಧನವೇ ಸಲ್ಲಬೇಕು. ಅಮೆರಿಕದ ಜೂಡಿ ಶಿಕಾಗೊ 1974ರಿಂದ 1979ರವರೆಗೆ ರೂಪಿಸಿದ ‘ದಿ ಡಿನ್ನರ್ ಪಾರ್ಟಿ’ಗೆ ನೂರಾರು ಜನ ಹೊಲಿದರು, ಪಿಂಗಾಣಿಗೆ ಬಣ್ಣ ಬರೆದರು. ಚರಿತ್ರೆ ಮರೆತ ಹೆಣ್ಣುಗಳ ನೆನಪಿಗೆಂದೇ ಮಾಡಿದ ಕೃತಿ ಅದು. ಅದನ್ನು ಕಟ್ಟಿದ ಆ ಕೈಗಳಿಗೆ ತಕ್ಕ ಮನ್ನಣೆ ಸಿಕ್ಕಿತೇ ಎಂಬ ಚರ್ಚೆ ಅಂದಿನಿಂದ ನಡೆದಿದೆ. ಇಲ್ಲಿ ಆ ಪ್ರಶ್ನೆ ಏಳದಂತೆ ಪ್ರತಿ ಕೃತಿಯ ಕೆಳಗೆ ದುಡಿದ ಎಲ್ಲರ ಹೆಸರೂ ಇರಲಿ. ಬಾಗಿಲು ರಾತ್ರಿ ಎಂಟೂವರೆಯವರೆಗೆ ತೆರೆದಿರಲಿ, ಭಾನುವಾರ ಇಡೀ ದಿನ ತೆರೆದಿರಲಿ, ಪ್ರವೇಶ ಉಚಿತವಾಗಿರಲಿ, ಮಕ್ಕಳನ್ನು ಬಿಡಲು ಒಂದು ಕೋಣೆ ಇರಲಿ. ಮೊದಲ ಪ್ರದರ್ಶನಕ್ಕೆ ಪಾಲಿಕೆ ಕರೆಯಬೇಕಾದವರು ಊದುಬತ್ತಿ ಹೊಸೆದವರು, ಗಾರ್ಮೆಂಟ್ಸಿನಲ್ಲಿ ಹೊಲಿದವರು, ಹೂ ಕಟ್ಟುವವರು, ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸರು. ಅವರನ್ನು ನೋಡಲು ಕರೆದರಷ್ಟೇ ಸಾಲದು. ಏನು ಮಾಡಿ ತೋರಿಸಬೇಕೆಂದು ತೀರ್ಮಾನಿಸುವ ಸಮಿತಿಯಲ್ಲೂ ಅವರಿಗೆ ಕುರ್ಚಿ ಇರಬೇಕು. ಪಾಲಿಕೆಯ ಮುಂದಿನ ಆಯವ್ಯಯದಲ್ಲಿ ಇದಕ್ಕೆ ಹಣ ಎತ್ತಿಡುವಂತೆ ರಾಜಾಜಿನಗರದಿಂದ ಕೆಂಗೇರಿಯವರೆಗಿನ ಮಹಿಳಾ ಸಂಘಗಳು ಈಗಲೇ ಒತ್ತಾಯಿಸಲಿ.